ಹಳ್ಳಿಯಲ್ಲಿ ಬಾಳುವುದೆಂದರೆ

ಕಳೆದ ವೈಶಾಖದಲ್ಲಿ ನಮ್ಮ ಬಂಧುಗಳೊಬ್ಬರ ಮನೆಯ ಮದುವೆ ತುಮಕೂರಿನ ಕಲ್ಯಾಣ ಮಂಟಪವೊಂದರಲ್ಲಿ ನಡೆಯಿತು. ಪ್ರಸಾದ ಮುಗಿಸಿ, ತಾಂಬೂಲ ಹಿಡಿದು ಹೊರಗೆ ಬಂದಾಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತರುಣ ದಂಪತಿಗಳು ನಮ್ಮ ಬಳಿಗೆ ಬಂದು ನಮಸ್ಕರಿಸಿದರು. ಹುಡುಗ ನಮ್ಮ ಊರಿನವನೇ. ಅವನ ತಾತನ ಮನೆ ನಮ್ಮ ಸಾಲಿನಲ್ಲಿ ಮೂರನೆಯದು. ತಾತ ಲಿಂಗೈಕ್ಯರಾದ ಮೇಲೆ ಆ ಮನೆಗೆ ಬೀಗ ಬಿದ್ದು ನಾಲ್ಕು ವರ್ಷಗಳಾಗಿವೆ.

“ದೊಡ್ಡಪ್ಪ, ಮನೆ, ತೋಟ ಎರಡನ್ನೂ ಕೇಳಿಕೊಂಡು ಬಂದಿದ್ದಾರೆ. ಮಾರಿಬಿಡೋದೋ ಇಟ್ಟುಕೊಳ್ಳೋದೋ ಗೊತ್ತಾಗ್ತಾ ಇಲ್ಲ. ನೀವು ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ ಇದ್ದೀರಲ್ಲ, ನಿಜ ಹೇಳಿ, ಅಲ್ಲಿ ಇರೋದು ಹೇಗಿರುತ್ತೆ?” ಎಂದು ಹುಡುಗ ಕೇಳಿದ.

ಮದುವೆಯ ಗದ್ದಲದಲ್ಲಿ “ಚೆನ್ನಾಗಿರುತ್ತದಪ್ಪ” ಎಂದಷ್ಟೇ ಹೇಳಿ ಬಂದೆವು. ಬಸ್ಸಿನಲ್ಲಿ ಕುಳಿತ ಮೇಲೆ ಆ ಉತ್ತರ ನಮಗೇ ಸಮಾಧಾನ ತರಲಿಲ್ಲ. ಒಂದು ಮನೆಯ ಹಣೆಬರಹ ನಿರ್ಧಾರವಾಗುವ ಪ್ರಶ್ನೆಗೆ ಎರಡು ಮಾತಿನ ಉತ್ತರ ಕೊಟ್ಟರೆ ಅದು ಜಾರಿಕೊಂಡಂತೆಯೇ ಸರಿ. ಇಂದು ನಮ್ಮ ಸಮಾಜದ ಎಷ್ಟೋ ಕುಟುಂಬಗಳು ಇದೇ ಪ್ರಶ್ನೆಯನ್ನು ಎದುರಿಸುತ್ತಿರುವುದರಿಂದ, ಅಂದು ಹೇಳದೆ ಉಳಿದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಎರಡು ಊರುಗಳ ನಡುವೆ

ತುಮಕೂರಿನಿಂದ ಪಶ್ಚಿಮಕ್ಕೆ ಹೊನ್ನಾವರದ ಹೆದ್ದಾರಿಯಲ್ಲಿ ಸುಮಾರು 20 ಕಿಲೋಮೀಟರ್ ಸಾಗಿದರೆ ಗುಬ್ಬಿ. ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ಸಾಗಿದರೆ ಬೆಂಗಳೂರು-ಮಂಗಳೂರು ಹೆದ್ದಾರಿಯ ಮೇಲಿರುವ ಕುಣಿಗಲ್. ಇವೆರಡು ತಾಲ್ಲೂಕುಗಳು ಒಂದನ್ನೊಂದು ಮುಟ್ಟುವ ಎಡೆಯಲ್ಲಿ ನಮ್ಮ ಊರಿದೆ. ಎಪ್ಪತ್ತು ಮನೆಗಳ ಸಣ್ಣ ಊರು. ಅದರ ಹೆಸರನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಸುತ್ತಿನ ಯಾವ ಊರಿನ ಹೆಸರು ಹಾಕಿಕೊಂಡು ಓದಿದರೂ ಸಲ್ಲುತ್ತದೆ. ಕಛೇರಿಯ ಕೆಲಸಕ್ಕೆ ನಾವು ಗುಬ್ಬಿಗೆ ಹೋಗುತ್ತೇವೆ, ಸಂತೆಗೂ ಬೀಗತನಕ್ಕೂ ಕುಣಿಗಲ್ ಕಡೆಗೆ ಹೋಗುತ್ತೇವೆ.

ಸಣ್ಣ ಊರಿನವರೆಂದು ನಾವು ಕೀಳರಿಮೆ ಪಡಬೇಕಾದ ನೆಲ ಇದಲ್ಲ. ಗುಬ್ಬಿಯ ಮಲ್ಲಣಾರ್ಯರು 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಮಹಾಪುರಾಣ’ವನ್ನೂ ರಚಿಸಿದರು. ಅದೇ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದು ನಾಡಿನಾದ್ಯಂತ ಹೆಸರಾಯಿತು. ಇತ್ತ ಕುಣಿಗಲ್ ಸೀಮೆಯ ಕಗ್ಗೆರೆಯ ತೋಟದಲ್ಲಿ ತಪವನ್ನಾಚರಿಸಿದ್ದರಿಂದಲೇ ಸಿದ್ಧಲಿಂಗ ಯತಿಗಳಿಗೆ ‘ತೋಂಟದ’ ಎಂಬ ವಿಶೇಷಣ ಬಂದಿತು. ಅವರು ಎಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿ ಹೊಂದಿದರು. ಕುಣಿಗಲ್ಲಿನ ದೊಡ್ಡ ಕೆರೆಯಂತೂ ಜನಪದರ ಬಾಯಲ್ಲಿ ಹಾಡೇ ಆಗಿದೆ. ದೊಡ್ಡವರು ಬಾಳಿದ ಊರುಗಳೆಲ್ಲ ಆ ಕಾಲದಲ್ಲಿ ಸಣ್ಣ ಊರುಗಳೇ ಆಗಿದ್ದವೆಂಬುದನ್ನು ಮರೆಯಬಾರದು.

ನಾವು ಹನ್ನೊಂದನೆಯ ವಯಸ್ಸಿಗೆ ಊರು ಬಿಟ್ಟು ಸಿದ್ಧಗಂಗೆಯ ಸಂಸ್ಕೃತ ಪಾಠಶಾಲೆಗೆ ಸೇರಿದೆವು. ಬೆಳಗಿನ ಪ್ರಾರ್ಥನೆ, ಅಮರಕೋಶ, ರಾಗಿಮುದ್ದೆಯ ಪ್ರಸಾದ, ಇವೇ ನಮ್ಮನ್ನು ಬೆಳೆಸಿದವು. ಆ ರಾಗಿ ಭಕ್ತರ ಹಳ್ಳಿಗಳಿಂದ ಬಂಡಿಗಳಲ್ಲಿ ಬರುತ್ತಿತ್ತು. ಒಮ್ಮೆ ಬಂಡಿ ಇಳಿಸುವಾಗ ಅದು ನಮ್ಮ ಊರಿನ ಸುತ್ತಿನ ಹಳ್ಳಿಗಳದೆಂದು ತಿಳಿದು, ಊರು ನಮ್ಮನ್ನು ಬಿಟ್ಟಿಲ್ಲವೆಂದು ಎಣಿಸಿ ಅತ್ತದ್ದು ನೆನಪಿದೆ. ಆಮೇಲೆ ತುಮಕೂರಿನಲ್ಲಿ ಮೂವತ್ತು ವರ್ಷಕ್ಕೂ ಮೀರಿ ಪಾಠ ಹೇಳಿ, 2018ರಲ್ಲಿ ನಿವೃತ್ತರಾಗಿ, ನಮ್ಮ ಮನೆಯವರೊಡನೆ ಊರಿಗೆ ಮರಳಿದೆವು. ಮರು ವರ್ಷ, 2019ರ ಜನವರಿ 21ರಂದು, ನಮಗೆ ಅನ್ನ, ಅಕ್ಷರಗಳನ್ನಿತ್ತ ಪರಮಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳು ಶಿವೈಕ್ಯರಾದಾಗ ನಮ್ಮ ಊರಿನ ಒಂದು ಒಲೆಯೂ ಉರಿಯಲಿಲ್ಲ. ಊರೆಂಬುದು ಒಂದೇ ಮನೆಯಂತೆ ನಡೆದುಕೊಂಡದ್ದನ್ನು ಆ ದಿನ ಕಣ್ಣಾರೆ ಕಂಡೆವು.

ಒಂದು ದಿನದ ಬಾಳು

ಇಲ್ಲಿ ಬೆಳಗು ಹಾಲಿನ ಡೈರಿಯಿಂದ ಆರಂಭವಾಗುತ್ತದೆ. ಆರು ಗಂಟೆಗೆಲ್ಲ ಕ್ಯಾನು ಹಿಡಿದ ಹೆಂಗಸರು, ಮುದುಕರು ಸಾಲಾಗಿ ನಿಲ್ಲುತ್ತಾರೆ. ಹಾಲು ಅಳೆಯುವ ಹತ್ತು ನಿಮಿಷದಲ್ಲಿ ಯಾರ ಹಸು ಕರು ಹಾಕಿತು, ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದರು, ಯಾರಿಗೆ ಜ್ವರ, ಎಲ್ಲವೂ ತಿಳಿಯುತ್ತದೆ. ಒಂದು ದಿನ ನಾವು ಡೈರಿಗೆ ಹೋಗದಿದ್ದರೆ ಎಂಟು ಗಂಟೆಗೆ ಯಾರಾದರೂ ಬಾಗಿಲಿಗೆ ಬಂದು “ಮೇಷ್ಟ್ರೇ, ಹುಷಾರಾಗಿದೀರಾ?” ಎಂದು ಕೇಳುತ್ತಾರೆ. ಪಟ್ಟಣದಲ್ಲಿ ಮೂವತ್ತು ವರ್ಷ ಒಂದೇ ಬೀದಿಯಲ್ಲಿದ್ದರೂ ಹಾಗೆ ಕೇಳಿದವರು ವಿರಳ. ಆದರೆ ಆ ಕಣ್ಣು ನಮ್ಮ ಕಷ್ಟವನ್ನು ಕಾಣುವಂತೆಯೇ ನಮ್ಮ ಮನೆಗೆ ಬಂದ ತರಕಾರಿಯ ಚೀಲವನ್ನೂ ಕಾಣುತ್ತದೆ. ಏಕಾಂತವೆಂಬುದು ಹಳ್ಳಿಯಲ್ಲಿ ದುರ್ಲಭ ವಸ್ತು. ನಮ್ಮ ಮನೆಯವರಿಗೆ ಇದಕ್ಕೆ ಒಗ್ಗಿಕೊಳ್ಳಲು ಎರಡು ವರ್ಷ ಹಿಡಿಯಿತು.

ತೆಂಗು ನಮ್ಮ ಸೀಮೆಯ ಜೀವ. ಕೆಡವಿದ ಕಾಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಚಿಪ್ಪಿಗೆ ಬಡಿದು ಸದ್ದು ಮಾಡುವ ತನಕ ಅದು ಕೊಬ್ಬರಿಯಲ್ಲ. ಒಂದು ಬೆಳೆಗೆ ಇಷ್ಟು ತಾಳ್ಮೆ ಬೇಡುವ ಕಸುಬು ಬೇರೊಂದಿದೆಯೋ ಕಾಣೆವು. ಈಗ ಎಳನೀರಿಗೆ ಕೈಮೇಲೆ ಹಣ ಸಿಗುವುದರಿಂದ ಅನೇಕರು ಅಟ್ಟ ಹತ್ತಿಸುವುದನ್ನೇ ಬಿಟ್ಟಿದ್ದಾರೆ. ಅವರನ್ನು ದೂರುವಂತಿಲ್ಲ. ಮರ ಹತ್ತುವವರು ಸಿಗುವುದಿಲ್ಲ, ಸುಲಿಯುವವರು ಸಿಗುವುದಿಲ್ಲ, ಜೊತೆಗೆ ನುಸಿಪೀಡೆ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗಗಳ ಕಾಟ. ಹಿಂದೆ ಮುಯ್ಯಾಳು ಪದ್ಧತಿಯಿತ್ತು. ಇಂದು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು. ಹಣದ ಮಾತೇ ಇರಲಿಲ್ಲ. ರಾಗಿ ಕೊಯ್ಲಿನ ಕಾಲದಲ್ಲಿ ಊರೇ ಕಣದಲ್ಲಿ ಮಲಗುತ್ತಿತ್ತು. ಈಗ ಯಂತ್ರ ಬಂದು ಒಂದೇ ಗಂಟೆಯಲ್ಲಿ ಕೆಲಸ ಮುಗಿಸಿ ಹೋಗುತ್ತದೆ. ಬೆನ್ನುನೋವು ತಪ್ಪಿತು, ರಾಶಿಪೂಜೆಯೂ ತಪ್ಪಿತು.

ಸೌಕರ್ಯಗಳೇ ಇಲ್ಲವೆಂದರೆ ಸುಳ್ಳಾಗುತ್ತದೆ. ಮನೆಯ ಮುಂದೆ ನಲ್ಲಿಯಿದೆ. ಮೊಬೈಲು ಎಲ್ಲರ ಕೈಯಲ್ಲಿದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ದೊರೆತ ಮೇಲೆ, ಮದುವೆಯಾಗಿ ಬಂದಂದಿನಿಂದ ಗುಬ್ಬಿಯನ್ನು ದಾಟದ ಅಜ್ಜಿಯರೂ ಎಡೆಯೂರಿಗೆ, ಧರ್ಮಸ್ಥಳಕ್ಕೆ ಹೋಗಿ ಬಂದಿದ್ದಾರೆ. ಆದರೆ ಊರಿಗೆ ಬರುವ ಬಸ್ಸು ದಿನಕ್ಕೆ ಎರಡೇ ಸಲ. ಅದು ತಪ್ಪಿದರೆ ಹೆದ್ದಾರಿಯ ಕೂಡುರಸ್ತೆಯವರೆಗೆ ನಡೆಯಬೇಕು. ಪಂಪುಸೆಟ್ಟಿಗೆ ಬೇಕಾದ ಮೂರು ಫೇಸ್ ವಿದ್ಯುತ್ತು ಎಷ್ಟೋ ಸಲ ರಾತ್ರಿಯ ಸರದಿಯಲ್ಲಿ ಬರುತ್ತದೆ. ಆಗ ಬ್ಯಾಟರಿ ಹಿಡಿದು ತೋಟಕ್ಕೆ ಹೋಗುವವನ ಭಯವನ್ನು ಪಟ್ಟಣದಲ್ಲಿರುವವರು ಊಹಿಸಲಾರರು. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವ ಈ ಭಾಗದಲ್ಲಿ ಚಿರತೆಗಳು ಮನುಷ್ಯರ ಮೇಲೆರಗಿ ಕೆಲವರ ಪ್ರಾಣ ತೆಗೆದವು. ಅವರಲ್ಲಿ ಮಕ್ಕಳೂ ಇದ್ದರು. ಆ ತಿಂಗಳುಗಳಲ್ಲಿ ಸಂಜೆ ಆರಕ್ಕೆ ಊರಿನ ಬಾಗಿಲುಗಳೆಲ್ಲ ಮುಚ್ಚಿಕೊಳ್ಳುತ್ತಿದ್ದವು. ಇಂದಿಗೂ ಕತ್ತಲಾದ ಮೇಲೆ ನಮ್ಮ ಮನೆಯವರು ನಮ್ಮನ್ನು ಹಿತ್ತಿಲಿಗೂ ಒಂಟಿಯಾಗಿ ಬಿಡುವುದಿಲ್ಲ.

ನೀರಿನ ಮಾತು

ನಾವು ಹುಡುಗರಾಗಿದ್ದಾಗ ತೋಟದ ಬಾವಿಯಲ್ಲಿ ಬಗ್ಗಿದರೆ ನೀರು ಕಾಣುತ್ತಿತ್ತು. ಈಗ ಆ ಬಾವಿಯಲ್ಲಿ ಹಾಳು ಗಿಡ ಬೆಳೆದಿದೆ. ಕೊಳವೆಬಾವಿಗಳು ನೂರಾರು ಅಡಿ ಆಳಕ್ಕಿಳಿದವು. ಒಂದು ಬತ್ತಿದರೆ ಮತ್ತೊಂದು, ಅದೂ ಬತ್ತಿದರೆ ಸಾಲ. 2022ರ ಮಳೆಗಾಲದಲ್ಲಿ ಕೆರೆಗಳು ತುಂಬಿ ಕೋಡಿ ಹರಿದಾಗ ಊರಿನ ಮುದುಕರೆಲ್ಲ ಏರಿಯ ಮೇಲೆ ನಿಂತು ಮಕ್ಕಳಂತೆ ನೋಡಿದರು. ಬಾಗಿನ ಅರ್ಪಿಸುವ ಕ್ರಮವನ್ನು ತಿಳಿದವರು ಇಬ್ಬರೇ ಉಳಿದಿದ್ದರು.

ಗೊರೂರಿನ ಜಲಾಶಯದಿಂದ ಬರುವ ಹೇಮಾವತಿಯ ನಾಲೆ ಈ ಜಿಲ್ಲೆಯ ಆಸೆ. ಅದೇ ಈಗ ಅಣ್ಣತಮ್ಮಂದಿರ ವ್ಯಾಜ್ಯವೂ ಆಗಿದೆ. ನಾಲೆಯ ಕೊನೆಯ ಭಾಗದಲ್ಲಿರುವ ಕುಣಿಗಲ್ಲಿಗೆ ಅದರ ಪಾಲಿನ ನೀರು ಸರಿಯಾಗಿ ತಲುಪುವುದಿಲ್ಲವೆಂಬುದು ಅಲ್ಲಿನವರ ಬಹುಕಾಲದ ಅಳಲು. ಗುಬ್ಬಿ ತಾಲ್ಲೂಕಿನಿಂದ ಕೊಳವೆಯ ಮೂಲಕ ನೇರವಾಗಿ ನೀರನ್ನೊಯ್ಯುವ ಸಂಪರ್ಕ ನಾಲೆಯ ಕಾಮಗಾರಿ ಆರಂಭವಾದಾಗ, ನಮ್ಮ ಪಾಲು ಕಡಿಮೆಯಾಗುತ್ತದೆಂದು ಗುಬ್ಬಿ, ತುಮಕೂರು ಕಡೆಯ ರೈತರು ಎದುರು ನಿಂತರು. 2025ರ ಮೇ ತಿಂಗಳ ಕೊನೆಯಲ್ಲಿ ಪ್ರತಿಭಟನೆ ತೀವ್ರವಾಗಿ ಸಾವಿರಾರು ಜನ ಸೇರಿದರು.

ಯಾರದು ಸರಿ ಎಂದು ತೀರ್ಪು ಹೇಳುವ ಅಧಿಕಾರ ನಮಗಿಲ್ಲ. ಗಡಿಯ ಊರಿನವರಿಗೆ ಇದು ಹೇಗೆ ತಾಗಿತೆಂಬುದನ್ನು ಮಾತ್ರ ಹೇಳಬಲ್ಲೆವು. ನಮ್ಮ ತಂಗಿಯನ್ನು ಕುಣಿಗಲ್ ಸೀಮೆಗೆ ಕೊಟ್ಟಿದೆ. ಅವಳ ಮನೆಯ ತೆಂಗು ಸುಳಿ ಒಣಗುತ್ತಿದೆ. ನಮ್ಮ ಊರಿನ ಹುಡುಗರು ಪ್ರತಿಭಟನೆಗೆ ಹೋಗಿ ಬಂದ ಮರುದಿನವೇ ಅವಳು ಹಬ್ಬದ ಕಜ್ಜಾಯ ಕಟ್ಟಿಕೊಂಡು ಬಂದಳು. ಪಡಸಾಲೆಯಲ್ಲಿ ಕುಳಿತು, “ಅಣ್ಣಯ್ಯ, ನಮಗೂ ಒಂದು ಹಿಡಿ ನೀರು ಬೇಡವೇ?” ಎಂದು ಕೇಳಿದಳು. ವ್ಯಾಕರಣ, ತರ್ಕ ಓದಿದ ನಮಗೆ ಉತ್ತರ ಹೊಳೆಯಲಿಲ್ಲ. ಪಟ್ಟಣದಲ್ಲಿದ್ದಿದ್ದರೆ ಇದೊಂದು ಪತ್ರಿಕೆಯ ಸುದ್ದಿಯಾಗಿರುತ್ತಿತ್ತು. ಇಲ್ಲಿ ಅದು ತಂಗಿಯ ಮುಖವಾಗಿ ಬಂದು ಎದುರಿಗೆ ಕುಳಿತುಕೊಳ್ಳುತ್ತದೆ.

ಜಗಲಿಯ ಪಾಠ

ಹೇಳಲು ಸಂಕೋಚವಾಗುವ ಒಂದು ಸಂಗತಿಯನ್ನೂ ಹೇಳಬೇಕು. 2021ರ ಕಾರ್ತಿಕ ಮಾಸದ ಒಂದು ರಾತ್ರಿ ನಮ್ಮ ಮನೆಯವರಿಗೆ ಎದೆನೋವು ಬಂದಿತು. ಕರೆಸಿದ ವಾಹನ ಬರಲು ಬಹಳ ಹೊತ್ತಾಗುವುದೆಂದು ತಿಳಿಯಿತು. ಆಗ ಕೆಳಗಿನ ಕೇರಿಯ ಯುವಕನೊಬ್ಬ ಎಳನೀರು ಸಾಗಿಸುವ ತನ್ನ ಗೂಡ್ಸ್ ಆಟೋವನ್ನು ತಂದು, ಅದರಲ್ಲಿ ಹಾಸಿಗೆ ಹಾಸಿ, ಆ ಕತ್ತಲಲ್ಲಿ ತುಮಕೂರಿನ ಆಸ್ಪತ್ರೆಗೆ ಮುಟ್ಟಿಸಿದ. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತೆಂದು ವೈದ್ಯರು ಹೇಳಿದರು. ಬೆಳಗಿನವರೆಗೆ ಆತ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಬಾಡಿಗೆ ಕೊಡಹೋದರೆ ಮುಟ್ಟಲಿಲ್ಲ.

ಆತನ ತಂದೆ ನಮ್ಮ ತೋಟದಲ್ಲಿ ದುಡಿದವರು. ನಮ್ಮ ಮನೆಯಲ್ಲಿ ಅವರಿಗೆ ನೀರು ಕೊಡುತ್ತಿದ್ದುದು ಜಗಲಿಯ ಹೊರಗೆ, ತೆಂಗಿನ ಚಿಪ್ಪಿನಲ್ಲಿ. ಆ ಚಿಪ್ಪನ್ನು ಗೋಡೆಯ ಸಂದಿನಲ್ಲಿ ಇಡುತ್ತಿದ್ದ ಜಾಗ ನಮಗೆ ಇನ್ನೂ ನೆನಪಿದೆ. ಶರಣರ ಸಮತೆಯ ವಿಚಾರವಾಗಿ ನಾವು ಎಷ್ಟೋ ವೇದಿಕೆಗಳಲ್ಲಿ ಉಪನ್ಯಾಸ ಮಾಡಿ ಹಾರ ಹಾಕಿಸಿಕೊಂಡಿದ್ದೇವೆ. ಆ ಗೋಡೆಯ ಸಂದಿನ ವಿಚಾರವನ್ನು ಒಂದು ವೇದಿಕೆಯಲ್ಲಿಯೂ ಆಡಿದವರಲ್ಲ.

ಮನೆಯವರು ಚೇತರಿಸಿಕೊಂಡು ಊರಿಗೆ ಬಂದ ಮೇಲೆ ಆತನನ್ನು ಪ್ರಸಾದಕ್ಕೆ ಕರೆದೆವು. ಆತ ಬಂದು, ರೂಢಿಯಂತೆ, ಜಗಲಿಯ ತುದಿಯಲ್ಲಿ ಕುಳಿತ. ಒಳಗೆ ಬನ್ನಿರೆಂದರೆ “ಇಲ್ಲೇ ಇರಲಿ ಬುದ್ಧಿ” ಎಂದ. ಮನೆಯವರು ಒಳಗಿನಿಂದ ಬಂದು, “ಆ ರಾತ್ರಿ ನನ್ನನ್ನು ಎತ್ತಿ ಗಾಡಿಗೆ ಹಾಕಿದಾಗ ಒಳಗೇ ಬಂದಿದ್ದೆಯಲ್ಲಪ್ಪ, ಇವತ್ತೇನು?” ಎಂದರು. ಆಗ ಎದ್ದು ಒಳಗೆ ಬಂದ. ಊರಿನಲ್ಲಿ ನಾಲ್ಕು ಜನ ನಾಲ್ಕು ಮಾತಾಡಿದರು, ಆಮೇಲೆ ಸುಮ್ಮನಾದರು. ಹಳ್ಳಿಯ ಬಾಳನ್ನು ಹೊಗಳುವವರು ಅಲ್ಲಿನ ಸಹಾಯವನ್ನು ಮಾತ್ರ ಹೇಳುತ್ತಾರೆ, ತೆಗಳುವವರು ಅಲ್ಲಿನ ಭೇದವನ್ನು ಮಾತ್ರ ಹೇಳುತ್ತಾರೆ. ಎರಡೂ ಒಂದೇ ಜಗಲಿಯ ಮೇಲೆ ಇರುವುದನ್ನು ನಾವು ಕಂಡೆವು. ಅಲ್ಲಿಗೆ ಹೋಗಿ ಬಾಳುವವನು ಎರಡಕ್ಕೂ ಹೊಣೆಗಾರನಾಗಬೇಕಾಗುತ್ತದೆ.

ದೂರದ ಒಂದು ಹಳ್ಳಿ

ನಮ್ಮ ಹಳೆಯ ಶಿಷ್ಯರೊಬ್ಬರು ಇಂಗ್ಲೆಂಡಿನಲ್ಲಿ ವೈದ್ಯರಾಗಿ ಅಲ್ಲಿನ ಸಣ್ಣ ಹಳ್ಳಿಯೊಂದರಲ್ಲಿ ನೆಲೆಸಿದ್ದಾರೆ. ಕಳೆದ ವರ್ಷ ಬಂದಿದ್ದಾಗ ನಮ್ಮ ಜಗಲಿಯಲ್ಲಿ ಕುಳಿತು ಅಲ್ಲಿನ ಬಾಳನ್ನು ವಿವರಿಸಿದರು. ಹಳೆಯ ಕಲ್ಲಿನ ಇಗರ್ಜಿ, ಊರ ನಡುವೆ ಹಸಿರು ಬಯಲು, ಸಂಜೆ ಜನ ಸೇರುವ ಒಂದು ಪಾನಗೃಹ. ಬಸ್ಸು ಅಲ್ಲಿಯೂ ದಿನಕ್ಕೆ ಒಂದೆರಡೇ, ಭಾನುವಾರ ಅದೂ ಇಲ್ಲ. ಅಂಚೆ ಕಛೇರಿ ಮುಚ್ಚಿತು. ಇದ್ದೊಂದು ಅಂಗಡಿಯೂ ಮುಚ್ಚುವ ಹೊತ್ತಿಗೆ ಊರಿನವರೇ ಪಾಲುಹಣ ಹಾಕಿ ಅದನ್ನು ಕೊಂಡುಕೊಂಡು, ಸರದಿಯ ಮೇಲೆ ಸಂಬಳವಿಲ್ಲದೆ ಗಲ್ಲದಲ್ಲಿ ಕುಳಿತು ನಡೆಸುತ್ತಿದ್ದಾರೆ. ಅಲ್ಲಿ ಮನೆಗಳು ಖಾಲಿ ಬೀಳುವುದಿಲ್ಲ. ಹಣವುಳ್ಳ ನಿವೃತ್ತರು ಬಂದು ಕೊಳ್ಳುವುದರಿಂದ ಬೆಲೆಯೇರಿ, ಊರಿನಲ್ಲೇ ಹುಟ್ಟಿದ ಹುಡುಗರಿಗೆ ಮನೆ ಕೊಳ್ಳಲಾಗುವುದಿಲ್ಲ. ಇಲ್ಲಿ ಮನೆಗಳಿವೆ, ಇರುವವರಿಲ್ಲ. ಅಲ್ಲಿ ಇರಲು ಬಯಸುವವರಿದ್ದಾರೆ, ಮನೆ ಸಿಗುವುದಿಲ್ಲ. ಎರಡು ಕಡೆಯೂ ಊರು ಮುದಿಯಾಗುತ್ತಿದೆ.

ಅವರು ಹೇಳಿದ ಮತ್ತೊಂದು ಸಂಗತಿ ನಮ್ಮನ್ನು ಬಹಳ ಯೋಚಿಸುವಂತೆ ಮಾಡಿತು. ಅಲ್ಲಿ ಖಾಸಗಿ ಹೊಲಗಳ ನಡುವೆಯೂ ಸಾರ್ವಜನಿಕರು ನಡೆದಾಡುವ ಕಾಲುದಾರಿಗಳಿವೆ. ಅವು ನಕ್ಷೆಯಲ್ಲಿ ದಾಖಲಾಗಿವೆ, ಅವನ್ನು ಮುಚ್ಚುವ ಹಕ್ಕು ಹೊಲದ ಒಡೆಯನಿಗಿಲ್ಲ. ನಮ್ಮಲ್ಲಿಯೂ ‘ನಕಾಶೆ ಕಂಡ ದಾರಿ’ ಎಂಬ ಮಾತಿದೆ. ಹಿಂದೆ ಬಂಡಿಗಳು ಓಡಾಡಿದ ಆ ದಾರಿಗಳನ್ನು ಇಂದು ಒಬ್ಬೊಬ್ಬರು ಒಂದೊಂದು ಮಾರು ಒತ್ತಿ, ಬೇಲಿ ಹಾಕಿ, ಕಡೆಗೆ ಹಿಂದಿನ ಹೊಲದವನು ಕೊಯ್ದ ರಾಗಿಯನ್ನು ತಲೆಯ ಮೇಲೆ ಹೊತ್ತು ತರುವಂತಾಗಿದೆ. ದಾಯಾದಿಗಳ ನಡುವಿನ ಮೊಕದ್ದಮೆಗಳು ಎಷ್ಟೋ ಸಲ ಇಂಥ ದಾರಿಯಿಂದಲೇ ಹುಟ್ಟುತ್ತವೆ. ಊರು ಉಳಿಯುವುದು ದಾರಿ ಬಿಡುವ ಮನಸ್ಸಿನಿಂದ ಎಂದು ಶಿಷ್ಯರಿಗೆ ಹೇಳಿದೆವು. ಅವರು ನಕ್ಕು, “ಅಲ್ಲಿಯೂ ಅದಕ್ಕೆ ಜಗಳವಿದೆ ಗುರುಗಳೇ, ಆದರೆ ದಾರಿಯೂ ಇದೆ” ಎಂದರು.

ಆ ದಂಪತಿಗಳಿಗೆ ನಮ್ಮ ಉತ್ತರ

2020ರ ಲಾಕ್‌ಡೌನ್ ಕಾಲದಲ್ಲಿ ನಮ್ಮ ಊರಿನ ಬೀಗ ಬಿದ್ದ ಮನೆಗಳೆಲ್ಲ ತೆರೆದವು. ಬೆಂಗಳೂರಿನಿಂದ ಬಂದ ಮಕ್ಕಳು ಕೆರೆಯ ಅಂಗಳದಲ್ಲಿ ಆಡಿದರು, ಜಗಲಿಗಳಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದರು. ಸಂಜೆ ಎಲ್ಲ ಮನೆಗಳಲ್ಲೂ ದೀಪ ಕಂಡದ್ದು ಆ ವರ್ಷವೇ. ಎಲ್ಲರೂ ಮರಳಿ ಬರುತ್ತಾರೆಂದು ಮುದುಕರು ನಂಬಿದರು. ಕೆಲಸ ಕರೆದೊಡನೆ ಎಲ್ಲರೂ ಹೋದರು. ಅದು ತಪ್ಪಲ್ಲ, ಹೊಟ್ಟೆಪಾಡು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಾಗ, ಇನ್ನು ಮಕ್ಕಳು ದೂರ ಹೋಗಬೇಕಾಗಿಲ್ಲವೆಂದು ಅನೇಕ ತಾಯಂದಿರು ಆಸೆಪಟ್ಟರು. ಆ ಆಸೆ ಫಲಿಸಲೆಂದು ನಾವೂ ಹಾರೈಸುತ್ತೇವೆ. ನಮ್ಮ ಊರಿನ ಶಾಲೆಯಲ್ಲಿ ಈಗ ಒಂಬತ್ತು ಮಕ್ಕಳಿದ್ದಾರೆ. ನಾವು ವಾರಕ್ಕೆ ಮೂರು ದಿನ ಹೋಗಿ ಕನ್ನಡ ಹೇಳಿಕೊಡುತ್ತೇವೆ. ಆ ಒಂಬತ್ತು ಆರಾದರೆ ಬಾಗಿಲಿಗೆ ಬೀಗ ಬೀಳಬಹುದೆಂಬ ಚಿಂತೆ ಪ್ರತಿ ಜೂನ್ ತಿಂಗಳಲ್ಲೂ ನಮ್ಮನ್ನು ಕಾಡುತ್ತದೆ.

ಆದ್ದರಿಂದ, ಮಗು, ನಿನ್ನ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಹಳ್ಳಿ ವಿಶ್ರಾಂತಿಧಾಮವೆಂದು ತಿಳಿದು ಬರಬೇಡ. ಅಲ್ಲಿ ಪಟ್ಟಣಕ್ಕಿಂತ ಹೆಚ್ಚು ಕೆಲಸವಿದೆ, ಹೆಚ್ಚು ಜನರಿಗೆ ಉತ್ತರ ಹೇಳಬೇಕಾಗುತ್ತದೆ. ವಯಸ್ಸಾದ ತಂದೆತಾಯಿಗಳನ್ನು ಕರೆತರುವುದಾದರೆ ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗುವ ವ್ಯವಸ್ಥೆಯನ್ನು ಮೊದಲು ಮಾಡಿಕೊ. ತೋಟದ ಆದಾಯವನ್ನೇ ನೆಚ್ಚಿ ನೌಕರಿ ಬಿಡಬೇಡ. ಊರಿಗೆ ಬಂದ ಮೊದಲ ವರ್ಷ ಯಾರಿಗೂ ಬುದ್ಧಿ ಹೇಳಹೋಗಬೇಡ. ನಾವು ಹೇಳಹೋಗಿ ಅರಳೀಕಟ್ಟೆಯ ಮೇಲೆ ಆರು ತಿಂಗಳು ಒಂಟಿಯಾಗಿ ಕುಳಿತಿದ್ದೆವು. ಈಗಲೇ ಬಂದು ನೆಲೆಸಲಾಗದಿದ್ದರೆ ಬೇಡ, ಆದರೆ ಅವಸರದಿಂದ ಮಾರಲೂ ಬೇಡ. ಯುಗಾದಿ, ಗೌರಿ, ದೀಪಾವಳಿ, ಸಂಕ್ರಾಂತಿ, ಈ ನಾಲ್ಕು ಹಬ್ಬಗಳಿಗಾದರೂ ಮಕ್ಕಳನ್ನು ಕರೆತಂದು ಆ ಮನೆಯಲ್ಲಿ ಒಲೆ ಹಚ್ಚು. ಮಾರಿದ ಮೇಲೆ ಆ ಊರಿಗೆ ನೀನು ಅತಿಥಿ. ಬೀಗದ ಕೈ ಇರುವ ತನಕ ನೀನು ಮನೆಯವನು.

ಈ ಮಾತುಗಳನ್ನು ಕಾಗದದಲ್ಲಿ ಬರೆದು ಅವರಿಗೂ ಕಳುಹಿಸಿದ್ದೆವು. ಶ್ರಾವಣದಲ್ಲಿ ದಂಪತಿಗಳಿಬ್ಬರೂ ಮಗಳೊಡನೆ ಬಂದು ಎರಡು ದಿನ ಇದ್ದು ಹೋದರು. ಹೆಂಚು ಒಡೆದಿತ್ತು, ಅಟ್ಟದಲ್ಲಿ ತಾತನ ಕಾಲದ ಹತ್ತಿಪ್ಪತ್ತು ಕಾಯಿಗಳು ಇಲಿ ತಿಂದು ಉಳಿದಿದ್ದವು. ಮಗು ಒಂದನ್ನೆತ್ತಿ ಕಿವಿಯ ಬಳಿ ಅಲ್ಲಾಡಿಸಿ, “ಇದರೊಳಗೆ ಏನಿದೆ?” ಎಂದು ಕೇಳಿತು. ಮಾರುವ ವಿಚಾರ ಇನ್ನೂ ತೀರ್ಮಾನವಾಗಿಲ್ಲ. ಹೋಗುವಾಗ ಬೀಗದ ಕೈಯನ್ನು ನಮ್ಮ ಕೈಗೆ ಕೊಟ್ಟು ಹೋಗಿದ್ದಾರೆ. ಪ್ರತಿ ಸೋಮವಾರ ಬೆಳಿಗ್ಗೆ ಡೈರಿಯಿಂದ ಬರುವಾಗ ನಾವು ಆ ಬಾಗಿಲು ತೆಗೆದು, ಕಿಟಕಿಗಳನ್ನು ತೆರೆದು, ಸ್ವಲ್ಪ ಹೊತ್ತು ಗಾಳಿ ಆಡಲು ಬಿಟ್ಟು ಬರುತ್ತೇವೆ.